ಅರ್ಜಿಯ ಆ ಒಂದು ಸಾಲು

ಇವತ್ತು ಕಾಲೇಜು ಬದಲಾವಣೆಗೆ ಅರ್ಜಿ ಬರೆದೆ. ಎರಡೂ ಕಾಲೇಜಿನವರು ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಕೊಡಬೇಕು, ಆಮೇಲೆ ಯೂನಿವರ್ಸಿಟಿ ಒಪ್ಪಬೇಕು. ಜಯನಗರ 4ನೇ ಬ್ಲಾಕಿನಲ್ಲಿ ಅಂಕಪಟ್ಟಿಗಳ ಜೆರಾಕ್ಸ್ ಮಾಡಿಸಿದೆ.

ಹೋದ ವರ್ಷ ಜಗಳದಲ್ಲಿ ಜೂನಿಯರ್ ಒಬ್ಬನಿಗೆ ಹೊಡೆದಿದ್ದೆ. 15 ದಿನ ಸಸ್ಪೆಂಡ್ ಮಾಡಿದರು. ತಪ್ಪು ನನ್ನದೇ.

ಅರ್ಜಿಯಲ್ಲಿ ಒಂದು ಸಾಲು: ಶಿಸ್ತು ಕ್ರಮ ಆಗಿದೆಯೇ? ಸುಮ್ನೆ 'ಇಲ್ಲ' ಅಂತ ಬರೆದುಬಿಡಬಹುದಿತ್ತು, ಅಲ್ವಾ? ಪೆನ್ನು ಹಿಡಿದು ತುಂಬಾ ಹೊತ್ತು ಕೂತೆ. ಅಪ್ಪ ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ. ಕೊನೆಗೆ 'ಹೌದು' ಅಂತ ಬರೆದೆ. ನಡೆದದ್ದನ್ನೆಲ್ಲ ಕೆಳಗೆ ಬಿಡಿಸಿ ಬರೆದೆ, ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದ್ದನ್ನೂ.

ಸೀಟು ಸಿಗುತ್ತದೋ ಇಲ್ಲವೋ. ಸೌತ್ ಎಂಡ್ ಸರ್ಕಲ್ ತನಕ ಇಬ್ಬರೂ ಮಾತಿಲ್ಲದೆ ನಡೆದೆವು. ಅಲ್ಲಿ ಅಪ್ಪ, "ಬಾ ಮಗ, ಕಾಫಿ ಕುಡಿಯೋಣ" ಅಂದರು.