ಮಲಗಿದ ಬುದ್ಧನ ಬೆಟ್ಟದಲ್ಲಿ ಕಲ್ಲಿನ ತೋರಣ

ಯುಗಾದಿ ಕಳೆದ ಮರುವಾರ, ನಸುಕಿನ ನಾಲ್ಕೂವರೆಗೆ ನಾನೂ ನನ್ನ ತಮ್ಮನೂ ಕಲಬುರಗಿಯಿಂದ ಶಹಾಪುರದ ದಾರಿ ಹಿಡಿದೆವು. ನಮ್ಮ ಸೀಮೆಯಲ್ಲಿ ಬೇವು ಹೂಬಿಡುವ ಹೊತ್ತಿಗೇ ಬಿಸಿಲೂ ಬಲಿತಿರುತ್ತದೆ. ಚೈತ್ರದಲ್ಲಿ ಬೆಟ್ಟ ಹತ್ತುವವರು ಸೂರ್ಯನಿಗಿಂತ ಮೊದಲು ಹೊರಡಬೇಕು.

ಈ ದಾರಿಯಲ್ಲಿ ನೆಲ ಬದಲಾಗುವ ಬಗೆ ನನಗೆ ಬಹಳ ಪ್ರಿಯವಾದದ್ದು. ಕಲಬುರಗಿ ನಿಂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಮೇಲೆ. ತೊಗರಿ ಬೆಳೆಯುವ ನಮ್ಮ ಎರೆಮಣ್ಣು ಆ ಕಪ್ಪು ಕಲ್ಲು ಸವೆದು ಆದದ್ದು. ಕಟ್ಟಿಸಂಗಾವಿಯಲ್ಲಿ ಭೀಮಾ ನದಿಯನ್ನೂ ಆಮೇಲೆ ಜೇವರ್ಗಿಯನ್ನೂ ದಾಟಿ ದಕ್ಷಿಣಕ್ಕೆ ಸಾಗಿದರೆ, ಲಾವಾದ ಹೊದಿಕೆ ಮುಗಿದು ಅದಕ್ಕಿಂತ ಹಳೆಯದಾದ ಸುಣ್ಣಕಲ್ಲಿನ ಪದರಗಳ ಸೀಮೆ ಬರುತ್ತದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಈ ಪದರಗಳದೇ. ಶಹಾಪುರದಲ್ಲಿ ಎದ್ದು ನಿಂತಿರುವುದು ಇವೆರಡಕ್ಕಿಂತಲೂ ಪುರಾತನವಾದ, ಸುಮಾರು 250 ಕೋಟಿ ವರ್ಷಗಳ ಗ್ರಾನೈಟ್.

ಬೆಳಕು ಹರಿಯುವಾಗ ರಸ್ತೆಯ ಬದಿಯಲ್ಲಿ ನಿಂತು ನೋಡಿದೆವು. ಬೆಟ್ಟದ ಸಾಲು ಅಂಗಾತ ಮಲಗಿದ ಬುದ್ಧನಂತೆ, ಹಣೆ, ಮೂಗು, ಗದ್ದ, ಎದೆ ಎಂದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿತ್ತು.

ಬುಡದಲ್ಲಿ ಎದುರಾದ ಕುರಿಗಾಹಿ ಹಿರಿಯರು ನಮ್ಮ ನೀರಿನ ಬಾಟಲಿಗಳನ್ನು ನೋಡಿ, "ಹತ್ತು ಗಂಟಿ ಒಳಗ ಇಳದು ಬರ್ರಿ, ಬಂಡಿ ಕಾದ್ವಂದ್ರ ಕಾಲಿಡಾಕ ಬರಂಗಿಲ್ಲ" ಎಂದರು. ಮುಳ್ಳುಕಂಟಿಗಳ ನಡುವಿನ ಕಾಲುದಾರಿ ಅರ್ಧ ತಾಸಿನಲ್ಲೇ ಮಾಯವಾಯಿತು. ಅಲ್ಲಿಂದ ಮುಂದೆ ಬಂಡೆಯಿಂದ ಬಂಡೆಗೆ ಕೈಯೂರಿ ಏರಿದೆವು.

ತೋರಣ ಸಿಕ್ಕಿದ್ದು ಅಲ್ಲಿಯೇ. ಎರಡು ಭಾರಿ ಗುಂಡುಗಳ ಹೆಗಲ ಮೇಲೆ ಮೂರನೆಯದು ಅಡ್ಡಲಾಗಿ ಕೂತು, ನಡುವೆ ಬಗ್ಗಿ ಹಾಯುವಷ್ಟು ಬಾಗಿಲು ಉಳಿದಿತ್ತು. ತಿರುಮಲೆಯ ಶಿಲಾತೋರಣವನ್ನು ಕಂಡಿದ್ದ ತಮ್ಮ ಎರಡನ್ನೂ ಹೋಲಿಸತೊಡಗಿದ. ಸುಮಾರು 8 ಮೀಟರ್ ಅಗಲ, 3 ಮೀಟರ್ ಎತ್ತರದ ಆ ತೋರಣದಲ್ಲಿ ಬಂಡೆಯ ಮೆದು ಭಾಗ ಗಾಳಿ ನೀರಿಗೆ ಸವೆದು ಹೋಗಿ ಗಟ್ಟಿ ಭಾಗ ಕಮಾನಾಗಿ ಉಳಿದಿದೆ. ಇಲ್ಲಿಯ ಕೆಲಸವೇ ಬೇರೆ. ಗ್ರಾನೈಟಿನ ಬಿರುಕುಗಳಿಗೆ ಇಳಿದ ನೀರು ಮೊದಲು ಮೂಲೆಗಳನ್ನು ಕೊಳೆಸಿ ಗರಸು ಮಾಡುತ್ತದೆ. ಮಳೆ ಆ ಗರಸನ್ನು ತೊಳೆದೊಯ್ದ ಮೇಲೆ, ಕೊಳೆಯದೆ ಉಳಿದ ನಡುಗಲ್ಲುಗಳು ದುಂಡಗಾಗಿ ಒಂದರ ಮೇಲೊಂದು ನಿಲ್ಲುತ್ತವೆ. ಹಾಗಾಗಿ ಶಾಸ್ತ್ರದ ಮಾತಿನಲ್ಲಿ ಇದು ಕಮಾನಲ್ಲ. ಆದರೂ ಯಾರೂ ಎತ್ತಿಡದೆ ಇಷ್ಟು ನಿಖರವಾಗಿ ನಿಂತಿರುವ ಈ ಬಾಗಿಲಿಗೆ ತೋರಣವೆನ್ನದೆ ಬೇರೆ ಹೆಸರು ನನಗೆ ತೋಚಲಿಲ್ಲ.

ಒಳಗೆ ನೆಲ ಇನ್ನೂ ರಾತ್ರಿಯಷ್ಟೇ ತಂಪಾಗಿತ್ತು. ತಲೆಯ ಮೇಲಿನ ಕಲ್ಲು ಈರುಳ್ಳಿಯ ಹಾಗೆ ಪೊರೆಪೊರೆಯಾಗಿ ಬಿಟ್ಟುಕೊಳ್ಳುತ್ತಿದ್ದುದನ್ನು ನೋಡುತ್ತ ಕಟಿರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಒಂದು ಬದಿಗೆ ಯಾರೋ ಬಣ್ಣದಲ್ಲಿ ತಮ್ಮ ಹೆಸರು ಬರೆದು ಹೋಗಿದ್ದರು. ಅದನ್ನು ಕಂಡು ಇಬ್ಬರಿಗೂ ಸಂಕಟವಾಯಿತು.

ಒಂಬತ್ತೂವರೆಗೆ ಇಳಿಯುವಾಗಲೇ ಅಂಗೈಗೆ ಬಂಡೆಯ ಕಾವು ತಟ್ಟುತ್ತಿತ್ತು. ಮರಳುವ ದಾರಿಯಲ್ಲಿ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾವು ಕುಳಿತಿದ್ದ ಬಾಗಿಲು ಬುದ್ಧನ ಎದೆಯ ಮೇಲಿತ್ತೋ ಗದ್ದದ ಕೆಳಗಿತ್ತೋ ಎಂದು ಬಹಳ ಹೊತ್ತು ಹುಡುಕಿದೆವು. ಗುರುತು ಸಿಗಲಿಲ್ಲ.