ಪ್ರಶ್ನೆ ಕೇಳಿದ್ಮೇಲೆ ಸುಮ್ನಿರೋದು ಕಲಿತಿದ್ದು

ಟೀಚಿಂಗ್ ಇಂಟರ್ನ್‌ಶಿಪ್‌ಗೆ ಅಂತ ಹೊರದೇಶಕ್ಕೆ ಹೋದಾಗ ನಂಗಿದ್ದ ಭಯ ಎಲ್ಲಾ ಭಾಷೆದು, ನನ್ನ ಇಂಗ್ಲಿಷ್ ಆ ಮಕ್ಕಳಿಗೆ ತಿಳಿಯುತ್ತೋ ಇಲ್ವೋ ಅಂತ. ವೀಸಾ, ರೂಮು, ಬ್ಯಾಂಕ್ ಅಕೌಂಟ್ ಎಲ್ಲಾ ಓಡಾಡಿ ಹೇಗೋ ಆಗೋಯ್ತು, ಅದನ್ನ ಬರೆಯೋಕೆ ಹೋಗಲ್ಲ. ಒದ್ದಾಡಿದ್ದು ಕ್ಲಾಸಲ್ಲಿ.

ಮೊದಲ ವಾರ ಬರೀ ಅಬ್ಸರ್ವೇಶನ್. ಹಿಂದೆ ಕೂತ್ಕೊಂಡು ಮೆಂಟರ್ ಪಾಠ ಮಾಡೋದನ್ನ ನೋಡೋದು, ನೋಟ್ಸ್ ಮಾಡ್ಕೊಳ್ಳೋದು. ಬೋರು ಹೊಡೀತಿತ್ತು ನಿಜ, ಆದ್ರೆ ಆಗ್ಲೇ ಒಂದು ಒಳ್ಳೆ ಕೆಲಸ ಮಾಡಿದ್ದೆ. ಎರಡೂ ಸೆಕ್ಷನ್‌ನ ಸೀಟಿಂಗ್ ಪ್ಲಾನ್ ಇಸ್ಕೊಂಡು, ಅಟೆಂಡೆನ್ಸ್ ಕೂಗೋವಾಗ ಕಿವಿಗೆ ಬಿದ್ದ ಹಾಗೇ ಒಂದೊಂದು ಹೆಸರನ್ನೂ ಕನ್ನಡದಲ್ಲಿ ಬರ್ಕೊಂಡೆ. ಸ್ಪೆಲ್ಲಿಂಗ್ ನೋಡ್ಕೊಂಡು ಕರೆದಿದ್ರೆ ಅರ್ಧ ಕ್ಲಾಸಿನ ಹೆಸರು ಕೆಡಿಸ್ತಿದ್ದೆ. ಒಂದು ಹುಡುಗಿ ಹೆಸರು ಮಾತ್ರ ನಮ್ಮ ಯಾವ ಸ್ವರಕ್ಕೂ ಕೂರ್ಲಿಲ್ಲ, ಅವಳ ಹತ್ರನೇ ಹೋಗಿ ನಾಲ್ಕು ಸಲ ಹೇಳಿಸ್ಕೊಂಡೆ, ನಾಲ್ಕನೇ ಸಲಕ್ಕೆ ಅವಳಿಗೆ ನಗು ತಡೆಯೋಕಾಗ್ಲಿಲ್ಲ.

ಎರಡನೇ ವಾರ ನನ್ನ ಮೊದಲ ಪಾಠ, ಸೈನ್ಸು. 40 ನಿಮಿಷಕ್ಕೆ ಅಂತ ರಾತ್ರಿಯೆಲ್ಲಾ ಕೂತು ಮಾಡಿದ ಲೆಸನ್ ಪ್ಲಾನ್ 25 ನಿಮಿಷಕ್ಕೇ ಖಾಲಿ. ಮೇಜಿನ ಮೇಲೆ ಐಸ್ ಹಾಕಿದ ಲೋಟ ಇಟ್ಟು, ಹೊರಗಡೆ ಈ ಹನಿ ಎಲ್ಲಿಂದ ಬಂತು ಅಂತ ಕೇಳಿದೆ. ಯಾರೂ ಮಾತಾಡ್ಲಿಲ್ಲ. ನಂಗೆ ಎದೆ ಢವಢವ, ನಾನೇ ಉತ್ತರ ಹೇಳ್ಬಿಟ್ಟು "ಅರ್ಥ ಆಯ್ತಾ" ಅಂದೆ, ಎಲ್ಲರೂ ತಲೆ ಆಡಿಸಿದ್ರು, ನಾನು ಮುಂದಕ್ಕೆ ಹೋದೆ.

ಆಮೇಲೆ ಮೆಂಟರ್ ಒಂದು ಹಾಳೆ ಕೊಟ್ರು. ನಾನು ಕೇಳಿದ 11 ಪ್ರಶ್ನೆ, ಪಕ್ಕದಲ್ಲಿ ಎಷ್ಟು ಸೆಕೆಂಡ್ ಕಾದೆ, ಅದರ ಪಕ್ಕದಲ್ಲಿ ಉತ್ತರ ಹೇಳಿದ್ದು ಯಾರು. ಕೊನೇ ಕಾಲಮ್ಮಲ್ಲಿ ಮೇಲಿಂದ ಕೆಳಗೆ ನೀನು, ನೀನು, ನೀನು ಅಂತಿತ್ತು! ಒಂದು ಸೆಕೆಂಡ್ ದಾಟಿದ್ದು ಎರಡೇ ಸಲ. ಮುಖ ಸಣ್ಣಗಾಯ್ತು. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಕ್ಲಾಸ್‌ರೂಮ್ ಟೇಪ್‌ಗಳನ್ನ ಕೇಳಿ ಇದನ್ನೇ ಹಿಡಿದಿದ್ರಂತೆ, ಟೀಚರ್‌ಗಳು ಸರಾಸರಿ ಒಂದು ಸೆಕೆಂಡ್ ಕಾಯ್ತಾರೆ, ಅದನ್ನ ಮೂರು ಸೆಕೆಂಡ್ ಮಾಡಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಬಾಯಿ ಬಿಡದೇ ಇರೋರೂ ಬಿಡ್ತಾರೆ ಅಂತ. ಪ್ರಶ್ನೆ ಆದ್ಮೇಲೆ ಮಾತ್ರ ಅಲ್ಲ, ಮಗು ಉತ್ತರ ಹೇಳಿದ್ಮೇಲೂ ಸುಮ್ನಿರ್ಬೇಕು, ಕಷ್ಟ ಇರೋದು ಅಲ್ಲೇ, ತಪ್ಪು ಉತ್ತರ ಬಂದ ತಕ್ಷಣ ತಿದ್ದೋಕೆ ನಾಲಿಗೆ ತುರಿಸುತ್ತೆ. ಮೆಂಟರ್ ಒಂದು ಉಪಾಯ ಹೇಳಿದ್ರು, ಶೂ ಒಳಗೆ ಕಾಲ್ಬೆರಳು ಒತ್ತಿ ಮೂರು ಎಣಿಸು, ಯಾರಿಗೂ ಕಾಣಲ್ಲ.

ಮಾರನೇ ದಿನ ಇನ್ನೊಂದು ಸೆಕ್ಷನ್, ಅದೇ ಲೋಟ, ಅದೇ ಪ್ರಶ್ನೆ. ಬೆರಳು ಒತ್ತಿದೆ, ಒಂದು, ಎರಡು, ಮೂರು, ಒಂದು ಯುಗ ಕಳೆದ ಹಾಗಿತ್ತು. ಒಬ್ಬ ಹುಡುಗ "ಲೋಟ ಸೋರ್ತಿದೆ" ಅಂದ. ಅಲ್ಲ ಅನ್ನೋದು ಗಂಟಲವರೆಗೂ ಬಂದಿತ್ತು, ನುಂಗ್ಕೊಂಡು ಮತ್ತೆ ಎಣಿಸಿದೆ. ಆಗ ಹಿಂದಿನಿಂದ ಅದೇ ನಾಲ್ಕು ಸಲ ಹೆಸರು ಹೇಳಿದ ಹುಡುಗಿ, ಹಾಗಿದ್ರೆ ನೀರಿಗೆ ಇಂಕ್ ಹಾಕಿ ನೋಡೋಣ, ಸೋರ್ತಿದ್ರೆ ಹನಿಗೂ ಬಣ್ಣ ಬರುತ್ತಲ್ವಾ ಅಂದ್ಲು. ನನ್ನ ಪ್ಲಾನಲ್ಲಿ ಇದು ಇರ್ಲೇ ಇಲ್ಲ. ಯಾರದೋ ಪೆನ್ನಿಂದ ಇಂಕ್ ಬಿಟ್ವಿ, ನೀರು ಕಡುನೀಲಿ ಆಯ್ತು, ಲೋಟದ ಮೈಯೆಲ್ಲಾ ಒರೆಸಿ ಕಾದ್ವಿ. ಹೊಸ ಹನಿ ಕೂತ್ಮೇಲೆ ಸೋರ್ತಿದೆ ಅಂದಿದ್ದ ಹುಡುಗನೇ ಎದ್ದು ಬಂದು ಟಿಶ್ಯೂನಲ್ಲಿ ಒರೆಸಿ ಎಲ್ಲರಿಗೂ ಎತ್ತಿ ತೋರಿಸಿದ, ಟಿಶ್ಯೂ ಬೆಳ್ಳಗೇ ಇತ್ತು.