ಫೈನಲ್ ಬಿಡಿ, ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೆ ಹೋಗಿ

ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ನಮ್ಮ ಮನೆಯಲ್ಲಿ ಬೆಳಗಿನ ಆಟ. ಅಲ್ಲಿ ರಾತ್ರಿ ಒಂಬತ್ತೂವರೆಗೆ ಶುರುವಾಗುವ ಕೋಪಾ ಲಿಬರ್ಟಡೋರೆಸ್ ಪಂದ್ಯ ಇಲ್ಲಿ ಮರುದಿನ ಬೆಳಿಗ್ಗೆ ಆರಕ್ಕೆ, ಹಾಲಿನವನು ಬಾಗಿಲಿಗೆ ಬರುವ ಹೊತ್ತಿಗೆ ಬರುತ್ತದೆ. ನಾನೂ ನನ್ನ ಭಾವನೂ ವರ್ಷಗಟ್ಟಲೆ ಕಾಫಿ ಲೋಟ ಹಿಡಿದು ಮೊಬೈಲ್‌ನಲ್ಲಿ ಹೊಗೆ ನೋಡಿದವರು. ಹೊಗೆ ಎಂದೆ, ಏಕೆಂದರೆ ಮೊದಲ ಕೆಲವು ನಿಮಿಷ ಪಟಾಕಿಯ ಹೊಗೆಯಲ್ಲಿ ಚೆಂಡೇ ಕಾಣುವುದಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಆ ಹೊಗೆಯೊಳಗೇ ಹೋಗಿ ಕೂತು ಬಂದೆವು. ಇಪ್ಪತ್ತಾರು ಗಂಟೆಯ ಅಂತರದಲ್ಲಿ ಎರಡು ದೇಶ, ಎರಡು ಸೆಮಿಫೈನಲ್. ಇಂಥ ಯಾತ್ರೆಯ ಆಲೋಚನೆ ಇರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಯಾವ ಪಂದ್ಯ ಎಂಬುದು. ಕೇಳಿದವರೆಲ್ಲ ಫೈನಲ್‌ಗೆ ಹೋಗಬೇಕು ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. 2019ರಿಂದ ಫೈನಲ್ ಎಂದರೆ ಮೊದಲೇ ಗೊತ್ತುಮಾಡಿದ ಊರಿನಲ್ಲಿ ಒಂದೇ ಪಂದ್ಯ. ಸಾಮಾನ್ಯವಾಗಿ ಎರಡೂ ತಂಡಗಳಿಗೆ ಪರಸ್ಥಳ, ವಿಮಾನ ಮತ್ತು ಹೋಟೆಲ್ ದರ ಮುಗಿಲಿಗೆ. ಅದಕ್ಕೂ ಮುಂಚಿನ ಸುತ್ತುಗಳು ಹಾಗಲ್ಲ. ಒಂದು ಪಂದ್ಯ ಅವರ ಊರಿನಲ್ಲಿ, ಒಂದು ಇವರ ಊರಿನಲ್ಲಿ, ಎರಡರ ಗೋಲು ಕೂಡಿಸಿ ತೀರ್ಮಾನ. ಸಮವಾದರೆ ಹೆಚ್ಚುವರಿ ಸಮಯವಿಲ್ಲ, ನೇರ ಪೆನಾಲ್ಟಿ. ಪರಸ್ಥಳದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ಹಳೆಯ ನಿಯಮವನ್ನೂ ತೆಗೆದುಹಾಕಿದ್ದಾರೆ. ಹೀಗಾಗಿ ಎರಡನೇ ಪಂದ್ಯದ ರಾತ್ರಿ ಲೆಕ್ಕ ಸರಳವಾಗಿರುತ್ತದೆ, ಇಡೀ ಊರಿಗೆ ಆ ಲೆಕ್ಕ ಬಾಯಿಪಾಠವಾಗಿರುತ್ತದೆ.

ಎರಡನೇ ಪಂದ್ಯ ಯಾರ ಮನೆಯಲ್ಲಿ ಎಂಬುದನ್ನು ಮುಂಚೆಯೇ ಊಹಿಸಬಹುದು. ಗುಂಪು ಹಂತದಲ್ಲಿ ಯಾರ ಸಾಧನೆ ಮೇಲೋ ಅವರಿಗೆ ಎರಡನೇ ಪಂದ್ಯದ ಆತಿಥ್ಯ. 2025ರಲ್ಲಿ ಆರಕ್ಕೆ ಆರೂ ಗೆದ್ದ, ಬ್ರೆಜಿಲ್‌ನ ಸಾವೊ ಪಾಲೊ ನಗರದ ಪಾಲ್ಮೇರಾಸ್‌ಗೆ ಆ ಹಕ್ಕು ಕೊನೆಯವರೆಗೂ ಇತ್ತು. ಗುಂಪಿನಲ್ಲಿ ಎರಡನೆಯದಾಗಿ ಬಂದ, ರಿಯೊ ಡಿ ಜನೈರೊದ ಫ್ಲಮೆಂಗೊ ಪ್ರತಿ ಸುತ್ತಿನಲ್ಲೂ ಎರಡನೇ ಪಂದ್ಯವನ್ನು ಪರರ ಅಂಗಳದಲ್ಲೇ ಆಡಬೇಕಾಯಿತು. ಹದಿನಾರರ ಸುತ್ತು ಆಗಸ್ಟ್‌ನಲ್ಲಿ, ಕ್ವಾರ್ಟರ್‌ಫೈನಲ್ ಸೆಪ್ಟೆಂಬರ್‌ನಲ್ಲಿ, ಸೆಮಿಫೈನಲ್ ಅಕ್ಟೋಬರ್‌ನಲ್ಲಿ. ಆ ವರ್ಷ ಜೂನ್‌ನ ಚೀಟಿ ಎತ್ತುವಿಕೆಯಲ್ಲೇ ಫೈನಲ್‌ವರೆಗಿನ ದಾರಿ ನಿಗದಿಯಾಗಿತ್ತು. ಆಗಸ್ಟ್ ಮೂರನೇ ವಾರ ಭಾವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ದಾರಿಯನ್ನು ಬರೆದು ತೋರಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ರೇಸಿಂಗ್ ಮತ್ತು ವೆಲೆಸ್ ಎದುರುಬದುರು. ಎರಡೂ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಸೀಮೆಯವು.

"ಯಾರೇ ಗೆಲ್ಲಲಿ, ಒಂದು ಸೆಮಿಫೈನಲ್ ಅಲ್ಲೇ ನಡೆಯಬೇಕು. ನೀನು ರಜೆ ಕೇಳು" ಎಂದರು.

"ಇನ್ನೊಂದು ಎಲ್ಲಿ ಭಾವ?"

"ಪಾಲ್ಮೇರಾಸ್ ಗೆದ್ದರೆ ಸಾವೊ ಪಾಲೊ. ಸೋತರೆ, ಅದರ ಎದುರಾಳಿ ರಿವರ್ ಪ್ಲೇಟ್ ಬ್ಯೂನಸ್ ಐರಿಸ್‌ನದು, ಅದೂ ಅಲ್ಲೇ ಆಗಬಹುದು. ಈಕ್ವೆಡಾರ್‌ನ ಕಿಟೊ ಮಾತ್ರ ಬೇಡಪ್ಪ, 2,850 ಮೀಟರ್ ಎತ್ತರ, ನನ್ನ ಎದೆ ತಡೆಯುವುದಿಲ್ಲ."

ಸೂತ್ರ ಇಷ್ಟೇ: ತಂಡವನ್ನು ನಂಬಿ ಟಿಕೆಟ್ ಮಾಡಬೇಡಿ, ಊರನ್ನು ನಂಬಿ ಮಾಡಿ.

ವೀಸಾ ಕೆಲಸವನ್ನು ಆಗಸ್ಟ್‌ನಲ್ಲೇ ಹಿಡಿಯಿರಿ. ಕ್ವಾರ್ಟರ್‌ಫೈನಲ್ ಮುಗಿದದ್ದು ಸೆಪ್ಟೆಂಬರ್ 25ಕ್ಕೆ. ಆಮೇಲೆ ಅರ್ಜಿ ಹಾಕಿದ್ದರೆ ನಾವು ಸೆಮಿಫೈನಲ್‌ ಅನ್ನು ಕಾಫಿ ಲೋಟದ ಜೊತೆಗೇ ನೋಡಬೇಕಿತ್ತು. ಭಾರತದ ಪಾಸ್‌ಪೋರ್ಟ್‌ಗೆ ಬ್ರೆಜಿಲ್ ವೀಸಾ ಬೇಕೇ ಬೇಕು. ಅರ್ಜೆಂಟೀನಾ ಮಾತ್ರ ಅದೇ ಆಗಸ್ಟ್‌ನಲ್ಲಿ, ಅಮೆರಿಕದ ಪ್ರವಾಸಿ ವೀಸಾ ಇರುವ ಭಾರತೀಯರಿಗೆ ತನ್ನ ವೀಸಾ ಬೇಡವೆಂದು ಸಡಿಲಿಸಿತು. ಮಗಳ ಮನೆಗೆ ಹೋಗಿಬಂದ ಭಾವನಿಗೆ ಅದು ದಕ್ಕಿತು. ನನಗೆ ದಕ್ಕಲಿಲ್ಲ, ಬ್ಯಾಂಕಿನ ಕಾಗದಗಳ ಕಟ್ಟು ಹೊತ್ತು ಅರ್ಜಿ ಹಾಕಿದೆ. ವಿಮಾನದ ಟಿಕೆಟ್ ಹೋಗುವುದು ಬ್ಯೂನಸ್ ಐರಿಸ್‌ಗೆ, ಬರುವುದು ಸಾವೊ ಪಾಲೊದಿಂದ ಎಂದು ಮಾಡಿಸಿ. ಮರಳಿ ಅದೇ ಊರಿಗೆ ಓಡುವ ಖರ್ಚು ಉಳಿಯುತ್ತದೆ. ನಾವು ಅಡಿಸ್ ಅಬಾಬಾ ದಾರಿಯಲ್ಲಿ ಹೋದೆವು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಅರುವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಲಿ.

ಈಗ ಪಂದ್ಯದ ಟಿಕೆಟ್. ನಮ್ಮ ಹಣ ಮತ್ತು ಸಮಾಧಾನ ಎರಡೂ ಕರಗಿದ್ದು ಇಲ್ಲಿ. ಅರ್ಜೆಂಟೀನಾದಲ್ಲಿ ಕ್ಲಬ್ ಎಂದರೆ ಸದಸ್ಯರ ಸಂಘ. ತಿಂಗಳ ಚಂದಾ ಕಟ್ಟುವ ಸದಸ್ಯನಿಗೆ ಅಲ್ಲಿ 'ಸೋಸಿಯೊ' ಎನ್ನುತ್ತಾರೆ. ಇಂಥ ರಾತ್ರಿ ಟಿಕೆಟ್ ಮೊದಲು ಸೋಸಿಯೊಗಳಿಗೆ, ಆಮೇಲೂ ಅವರಿಗೇ. ಹೊರಗಿನವರಿಗೆ ಉಳಿಯುವುದು ಪ್ರವಾಸಿಗರನ್ನು ಕರೆದೊಯ್ಯುವ ಏಜೆಂಟರು. ನಾವು ಹಿಡಿದ ಏಜೆಂಟ್ ಹೋಟೆಲ್‌ಗೆ ಬಂದು ಎರಡು ಪ್ಲಾಸ್ಟಿಕ್ ಕಾರ್ಡ್ ಕೊಟ್ಟ. ಒಂದರಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗ. ಇನ್ನೊಂದರಲ್ಲಿ ಬಿಳಿ ಕೂದಲಿನ, ಮುತ್ತಿನ ಓಲೆಯ ಒಬ್ಬ ಅಜ್ಜಿ. ಭಾವ ಆ ಕಾರ್ಡನ್ನು ಕನ್ನಡಕ ಮೇಲೆತ್ತಿ ನೋಡಿದರು, ಕೆಳಗಿಳಿಸಿ ನೋಡಿದರು. "ಗೇಟಿನಲ್ಲಿ ಕೇಳಿದರೆ ಈ ಅಜ್ಜಿ ನಾನೇ ಎನ್ನಬೇಕೇನೋ?" ಎಂದರು. ಯಾರೂ ಕೇಳುವುದಿಲ್ಲ ಎಂದು ಏಜೆಂಟ್ ನಕ್ಕ. ಕೇಳುತ್ತಾರೆ, ಪೊಲೀಸರು ಕ್ರೀಡಾಂಗಣಕ್ಕೆ ಮೊದಲೇ ಗುರುತಿನ ಚೀಟಿ ತಪಾಸಣೆ ಮಾಡುತ್ತಾರೆ. ನಾವು ಪಟ್ಟು ಹಿಡಿದೆವು. ಇನ್ನಷ್ಟು ಡಾಲರ್ ಸುರಿದ ಮೇಲೆ ಪಂದ್ಯದ ಹಿಂದಿನ ಸಂಜೆ ನಮ್ಮ ಪಾಸ್‌ಪೋರ್ಟ್ ಹೆಸರಿನಲ್ಲೇ ಆಸನದ ಟಿಕೆಟ್ ಬಂತು. ಆದ್ದರಿಂದ ಮುಂಗಡ ಕೊಡುವ ಮೊದಲೇ ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ: ಟಿಕೆಟ್ ನನ್ನ ಹೆಸರಿನಲ್ಲಿರುತ್ತದೆಯೇ? 'ಪ್ಲಾಟೆಯಾ'ವೋ 'ಪಾಪ್ಯುಲರ್'ಓ? ಮೊದಲನೆಯದು ಕೂರುವ ಜಾಗ, ಎರಡನೆಯದು ಗೋಲಿನ ಹಿಂದೆ ನಿಂತು ಕುಣಿಯುವ ಮೆಟ್ಟಿಲು. ಐವತ್ತು ದಾಟಿದ ಮೊಣಕಾಲಿಗೆ ಮೊದಲನೆಯದೇ ಸರಿ.

ಬಟ್ಟೆಯ ವಿಷಯದಲ್ಲಿ ಒಂದು ಮಾತು, ಅದರಲ್ಲೂ ಬೆಂಗಳೂರಿನವರಿಗೆ. ಭಾವ ಸೂಟ್‌ಕೇಸ್‌ನಿಂದ ಹೆಮ್ಮೆಯಿಂದ ತೆಗೆದದ್ದು ಆರ್‌ಸಿಬಿ ಅಂಗಿ. ಹದಿನೆಂಟನೇ ವರ್ಷಕ್ಕೆ ಕಪ್ ಬಂದಿದೆ, ತೋರಿಸದೆ ಇರುವುದೆಂತು? ಕೆಂಪು ಕಪ್ಪು. ಆ ರಾತ್ರಿ ರೇಸಿಂಗ್‌ಗೆ ಎದುರಾಳಿಯಾಗಿದ್ದ ಫ್ಲಮೆಂಗೊದ ಬಣ್ಣವೂ ಕೆಂಪು ಕಪ್ಪು. ಸಾಲದ್ದಕ್ಕೆ ಕೆಲವೇ ನೂರು ಮೀಟರ್ ಆಚೆ ಅಂಗಳವಿರುವ ಹಗೆ ಕ್ಲಬ್ ಇಂಡಿಪೆಂಡಿಯೆಂಟೆಯ ಬಣ್ಣ ಅಚ್ಚ ಕೆಂಪು. ವಿರಾಟ್ ಕೊಹ್ಲಿಯ ಹೆಸರು ಹೇಳಿ ಅಲ್ಲಿ ಯಾರಿಗೂ ವಿವರಿಸಲಾಗದು. ಅಂಗಿ ಸೂಟ್‌ಕೇಸ್‌ಗೆ ಮರಳಿತು. ಬೂದು, ಕಂದು, ಬಿಳಿ ಹಾಕಿಕೊಳ್ಳಿ. ಅಕ್ಟೋಬರ್ ಅಲ್ಲಿ ವಸಂತವಾದರೂ ರಾತ್ರಿ ಚಳಿ ಇರುತ್ತದೆ, ತೆಳು ಜಾಕೆಟ್ ಬೇಕು.

ರೇಸಿಂಗ್‌ನ ಅಂಗಳ ಇರುವುದು ಬ್ಯೂನಸ್ ಐರಿಸ್‌ನ ದಕ್ಷಿಣ ಅಂಚಿನ ನದಿ ರಿಯಾಚುಯೆಲೊ ದಾಟಿದ ಮೇಲೆ ಸಿಗುವ ಅವೆಯನೇಡಾದಲ್ಲಿ. ಹಳೆಯ ಕೈಗಾರಿಕಾ ಊರು. ಕಾನ್‌ಸ್ಟಿಟ್ಯೂಸಿಯೊನ್ ನಿಲ್ದಾಣದಿಂದ ಸ್ಥಳೀಯ ರೈಲಿನಲ್ಲಿ ಸ್ವಲ್ಪವೇ ಹೊತ್ತಿನ ದಾರಿ. ಹೋಗುವಾಗ ರೈಲು ಸರಿ. ಬರುವಾಗ ಪಂದ್ಯ ಹನ್ನೊಂದೂವರೆಗೆ ಮುಗಿಯುತ್ತದೆ, ಪೆನಾಲ್ಟಿಗೆ ಹೋದರೆ ನಡುರಾತ್ರಿ. ಆಗ ರೈಲು ನಂಬಬೇಡಿ, ವಾಹನವನ್ನು ಮೊದಲೇ ಗೊತ್ತುಮಾಡಿ, ಹತ್ತಾರು ಬೀದಿ ಆಚೆ ನಿಲ್ಲಿಸಲು ಹೇಳಿ. ಹೊರಡುವ ಮುಂಚೆ ನಮಗೂ ಅಳುಕಿತ್ತು. ಎರಡು ತಿಂಗಳ ಹಿಂದಷ್ಟೇ, ಆಗಸ್ಟ್ 20ರಂದು, ಪಕ್ಕದ ಇಂಡಿಪೆಂಡಿಯೆಂಟೆ ಅಂಗಳದಲ್ಲಿ ಚಿಲಿಯ ತಂಡದ ಜೊತೆಗಿನ ಪಂದ್ಯ ಪ್ರೇಕ್ಷಕರ ಹೊಡೆದಾಟದಿಂದ ನಡುವೆಯೇ ನಿಂತುಹೋಗಿತ್ತು. ಮನಸ್ಸಿನಲ್ಲಿ ಜೂನ್ 4ರ ಚಿನ್ನಸ್ವಾಮಿಯೂ ಇತ್ತು. ಗೇಟಿನ ನೂಕಿನಲ್ಲಿ 11 ಜನ ಹೋದ ಊರಿನಿಂದ ಬಂದವರು ನಾವು. ಆದ್ದರಿಂದ ಎರಡೂವರೆ ಗಂಟೆ ಮುಂಚೆ ಹೋದೆವು. ಮೂರು ಕಡೆ ತಡೆಗಟ್ಟೆ, ಮೂರು ಕಡೆ ತಡವಿ ನೋಡುವ ಪೊಲೀಸರು, ಬೆಲ್ಟ್‌ವರೆಗೂ. ಜನ ಒಂದೇ ಕಡೆ ಗುಂಪುಗೂಡದೆ ಸಣ್ಣ ಸಣ್ಣ ಕಟ್ಟುಗಳಾಗಿ ಒಳಗೆ ಹೋದರು. ಬೇಸರವಾದರೂ ತಕರಾರು ಮಾಡಲು ಮನಸ್ಸಾಗಲಿಲ್ಲ.

ಕ್ರೀಡಾಂಗಣಕ್ಕೆ 'ಸಿಲಿಂಡರ್' ಎಂದೇ ಅಡ್ಡಹೆಸರು. ಗುಂಡಗೆ ಹಗೇವಿನ ಹಾಗಿದೆ, ಮೇಲೆ ಸುತ್ತ ಚಾವಣಿ. ಕೂಗಿದ್ದು ಹೊರಗೆ ಹೋಗುವುದಿಲ್ಲ. ಎದುರಿನ ಬೀದಿಯ ಹೆಸರು ಮೊಜಾರ್ಟ್. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ನನ್ನ ಮೊಬೈಲ್‌ನ ಅನುವಾದದ ಮೂಲಕ ಏಳು ಬೆಕ್ಕಿನ ಕಥೆ ಹೇಳಿದರು. 1967ರಲ್ಲಿ ರೇಸಿಂಗ್ ಲಿಬರ್ಟಡೋರೆಸ್ ಗೆದ್ದು, ಆಮೇಲೆ ಸ್ಕಾಟ್ಲೆಂಡಿನ ಸೆಲ್ಟಿಕ್ ಅನ್ನೂ ಸೋಲಿಸಿ ವಿಶ್ವ ಕಿರೀಟ ತಂದಿತು. ಹೊಟ್ಟೆಯುರಿಯಿಂದ ಇಂಡಿಪೆಂಡಿಯೆಂಟೆಯವರು ಏಳು ಸತ್ತ ಬೆಕ್ಕುಗಳನ್ನು ಈ ನೆಲದಲ್ಲಿ ಹೂತುಹೋದರಂತೆ. ಆರು ಸಿಕ್ಕವು, ಏಳನೆಯದು ಸಿಗಲಿಲ್ಲ. ರೇಸಿಂಗ್ ಲೀಗ್ ಗೆಲ್ಲದೆ 35 ವರ್ಷ ಕಳೆಯಿತು. 2001ರಲ್ಲಿ ಅದೂ ಸಿಕ್ಕಿತಂತೆ, ಆ ವರ್ಷವೇ ಲೀಗ್ ಬಂತು. ಮಾಟದ ಕಥೆ ನಮಗೆ ಹೊಸದೇ? ಭಾವ ತಲೆಯಾಡಿಸುತ್ತ, ನಿಂಬೆಹಣ್ಣು ಇಟ್ಟು ನೋಡಿದ್ದರೆ ಬೇಗ ಸಿಗುತ್ತಿತ್ತು ಎಂದರು. ಅದನ್ನು ಅನುವಾದಿಸಲು ನಾನು ಹೋಗಲಿಲ್ಲ.

ಮೊದಲ ಪಂದ್ಯವನ್ನು ತನ್ನ ಊರಿನ ಮಾರಕಾನಾ ಅಂಗಳದಲ್ಲಿ ಫ್ಲಮೆಂಗೊ 1-0 ಗೆದ್ದಿತ್ತು. ರೇಸಿಂಗ್‌ಗೆ ಒಂದು ಗೋಲಿನ ಗೆಲುವು ಸಿಕ್ಕರೆ ಪೆನಾಲ್ಟಿ, ಎರಡಾದರೆ ಫೈನಲ್. ತಂಡ ಸುರಂಗದಿಂದ ಹೊರಬಂದಾಗ ಆಕಾಶನೀಲಿ, ಬಿಳಿ ಹೊಗೆ ಎದ್ದು ನನ್ನ ಮುಂದಿನ ಸಾಲಿನ ತಲೆಗಳೇ ಮಾಯವಾದವು. ನಾಲಿಗೆಯ ಮೇಲೆ ಗಂಧಕದ ರುಚಿ, ಕಾಲಡಿಯ ಕಾಂಕ್ರೀಟು ಜಾತ್ರೆಯ ಡೊಳ್ಳಿನ ಹಾಗೆ ಅದುರುತ್ತಿತ್ತು. ದ್ವಿತೀಯಾರ್ಧದಲ್ಲಿ ಫ್ಲಮೆಂಗೊದ ಪ್ಲಾಟಾ ಕೆಂಪು ಕಾರ್ಡ್ ಕಂಡು ಹೊರನಡೆದ. ಎದುರಾಳಿ ಹತ್ತೇ ಜನ. ಆದರೂ ಗೋಲು ಬರಲಿಲ್ಲ. ಫ್ಲಮೆಂಗೊದ ಗೋಲ್‌ಕೀಪರ್ ರೊಸ್ಸಿ ಅರ್ಜೆಂಟೀನಾದವನೇ, ಬಂದದ್ದನ್ನೆಲ್ಲ ಹಿಡಿದ. 0-0. ಒಂದೂ ಗೋಲಿಲ್ಲದ ಪಂದ್ಯಕ್ಕೆ ಅರ್ಧ ಭೂಮಿ ಸುತ್ತಿ ಬಂದೆಯಾ ಎಂದು ಕಚೇರಿಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಸೋತ ಮೇಲೂ ಆ ಜನ ಹಾಡು ನಿಲ್ಲಿಸಲಿಲ್ಲ. ಬೆಕ್ಕಿನ ಕಥೆ ಹೇಳಿದ ಹಿರಿಯರು ಮಾತ್ರ ಹಾಡದೆ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಮೈದಾನ ನೋಡುತ್ತ ಕೂತಿದ್ದರು.

ಊಟದ ವಿಷಯ ಸಸ್ಯಾಹಾರಿಗಳಿಗಾಗಿ. ಕ್ರೀಡಾಂಗಣದ ಹೊರಗೆಲ್ಲ ಮಾಂಸ ಸುಡುವ ಹೊಗೆ. 'ಸಿನ್ ಕಾರ್ನೆ', ಅಂದರೆ ಮಾಂಸವಿಲ್ಲದೆ, ಎಂದು ಹೇಳಿದರೂ ಹಂದಿಯ ಹ್ಯಾಮ್ ಹಾಕಿಬಿಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, 'ಸಿನ್ ಹಮೊನ್' ಎಂದೂ ಸೇರಿಸಿ. ಊರಿನ ಪಿಜ್ಜಾ ಅಂಗಡಿಯಲ್ಲೇ ತಿಂದು ಹೊರಡುವುದು ಮೇಲು. ಅಲ್ಲಿ ಪಿಜ್ಜಾದ ಮೇಲೆ ಇಟ್ಟುಕೊಂಡು ತಿನ್ನುವ ಫೈನಾ ಎಂಬುದಿದೆ, ಶುದ್ಧ ಕಡಲೆ ಹಿಟ್ಟಿನ ದಪ್ಪ ದೋಸೆ. ಎಂಪನಾಡಾ ನೋಡಲು ನಮ್ಮ ಕರ್ಜಿಕಾಯಿ. 'ಉಮಿತಾ' ಎಂದರೆ ಒಳಗೆ ಮೆಕ್ಕೆಜೋಳದ ಹೂರಣ. ಭಾವ ನಾಲ್ಕು ದಿನ ಇವೆರಡರಲ್ಲೇ ಕಳೆದರು.

ಮರುದಿನ ಬೆಳಿಗ್ಗೆ ಸಾವೊ ಪಾಲೊಗೆ ಹಾರಿದೆವು, ಸುಮಾರು ಮೂರು ಗಂಟೆ. ಇದನ್ನು ನೀವು ಮಾಡಬೇಡಿ. ವಿಮಾನ ತಡವಾಗಿದ್ದರೆ ಎಲ್ಲ ಮುಗಿದಿತ್ತು, ನಿದ್ರೆಯಂತೂ ಇರಲಿಲ್ಲ. ಒಂದೇ ಪಂದ್ಯ ಆರಿಸಿ, ಮಿಕ್ಕ ದಿನ ಊರು ನೋಡಿ.

ಪಾಲ್ಮೇರಾಸ್‌ನ ಅಂಗಳಕ್ಕೆ (2025ರಲ್ಲಿ ಅದರ ಹೆಸರು ಅಲಿಯಾನ್ಸ್ ಪಾರ್ಕೆ) ಬಾರ್ರಾ ಫುಂಡಾ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಇಲ್ಲಿ ಕಾರ್ಡೂ ಇಲ್ಲ, ಕಾಗದವೂ ಇಲ್ಲ; ಮುಖವೇ ಟಿಕೆಟ್. ಮನೆಯಲ್ಲೇ ಪಾಸ್‌ಪೋರ್ಟ್ ವಿವರ ಕೊಟ್ಟು ಮುಖದ ಚಿತ್ರ ನೋಂದಾಯಿಸಬೇಕು. ಕನ್ನಡಕ ಹಾಕಿದ ಚಿತ್ರ ಎರಡು ಸಲ ತಿರಸ್ಕೃತವಾಯಿತು, ಆದ್ದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಗೇಟಿನ ಯಂತ್ರ ಭಾವನ ಮುಖ ನೋಡಿ ಹಸಿರು ದೀಪ ಹಚ್ಚಿತು. "ಇಲ್ಲಿ ಅಜ್ಜಿಯ ಆಟ ನಡೆಯುತ್ತಿರಲಿಲ್ಲ" ಎಂದರು.

ಕಿಟೊದ ಎಲ್‌ಡಿಯು ತಂಡಕ್ಕೆ ಅಲ್ಲಿ 3-0 ಸೋತು ಬಂದಿದ್ದ ಪಾಲ್ಮೇರಾಸ್ ಆ ರಾತ್ರಿ 4-0 ಗೆದ್ದು ಫೈನಲ್ ತಲುಪಿತು. ರಾಮೊನ್ ಸೋಸಾ, ಬ್ರೂನೊ ಫುಕ್ಸ್ ಒಂದೊಂದು, ರಫಾಯೆಲ್ ವೇಗಾ ಎರಡು. ನಾಲ್ಕನೆಯದು ಪೆನಾಲ್ಟಿ, ಆ ಕ್ಷಣ ಪಕ್ಕದ ಅಪರಿಚಿತ ಭಾವನನ್ನು ಎತ್ತಿ ಇಳಿಸಿದ. ಎದುರಾಳಿಗಳು ಬೈಗುಳವಾಗಿ ಕರೆಯುತ್ತಿದ್ದ 'ಹಂದಿ'ಯನ್ನು ಈ ಜನ 1986ರಿಂದ ತಮ್ಮದೇ ಜೈಕಾರ ಮಾಡಿಕೊಂಡಿದ್ದಾರೆ, ನಲವತ್ತು ಸಾವಿರ ಜನ ಅದನ್ನೇ ಕೂಗುತ್ತಾರೆ. ಬಿಯರ್ ಸಿಗುವುದಿಲ್ಲ, ಸಾವೊ ಪಾಲೊ ಕ್ರೀಡಾಂಗಣಗಳಲ್ಲಿ ಮದ್ಯಕ್ಕೆ ನಿಷೇಧ. ಹೊರಗಿನ ಗಾಡಿಯವರು ಹಣ ತೆಗೆದುಕೊಳ್ಳುವುದು ನಮ್ಮ ಯುಪಿಐ ತರಹದ ಪಿಕ್ಸ್‌ನಲ್ಲಿ; ಅದು ನಮಗೆ ದಕ್ಕುವುದಿಲ್ಲ, ಬ್ರೆಜಿಲ್ ಹಣವಾದ ರಿಯಾಲ್‌ನ ಚಿಲ್ಲರೆ ಇಟ್ಟುಕೊಳ್ಳಿ. ಮೊಬೈಲ್ ಬೀದಿಯಲ್ಲಿ ಹೊರತೆಗೆಯಬೇಡಿ, ಸೈಕಲ್‌ನಲ್ಲಿ ಬಂದು ಕಸಿದು ಹೋಗುತ್ತಾರೆ. ಮೆಟ್ರೊ ನಡುರಾತ್ರಿಗೆ ನಿಲ್ಲುತ್ತದೆ. ಕೊನೆಯ ಸೀಟಿ ಆದ ಕೂಡಲೇ ಹೊರಡುವುದಾದರೆ ಮಾತ್ರ ಅದನ್ನು ನೆಚ್ಚಿಕೊಳ್ಳಿ.

ಕೊನೆಗೆ ಬೆಂಗಳೂರು ವಿಮಾನ ನಿಲ್ದಾಣ. ಈ ದೇಶಗಳಿಂದ ಬಂದವರಿಗೆ ಆರೋಗ್ಯ ಇಲಾಖೆಯ ಮೇಜಿನ ಬಳಿ ಹಳದಿ ಜ್ವರದ ಪುಸ್ತಿಕೆ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ನನ್ನದು ಪಾಸ್‌ಪೋರ್ಟ್ ಜೊತೆಗಿತ್ತು. ಭಾವನದು ಸೂಟ್‌ಕೇಸ್‌ನಲ್ಲಿ, ಸೂಟ್‌ಕೇಸ್ ಬೆಲ್ಟಿನ ಮೇಲೆ, ಬೆಲ್ಟ್ ಮೇಜಿನ ಆಚೆ. ಅಧಿಕಾರಿಗೆ ವಿವರಿಸಿ, ಸಿಬ್ಬಂದಿಯೊಬ್ಬರ ಜೊತೆ ಹೋಗಿ ಅದನ್ನು ತರಿಸಿ ಮೇಜಿನ ಮೇಲೆ ತೆರೆದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಆ ಕೆಂಪು ಕಪ್ಪು ಅಂಗಿ. ಅಧಿಕಾರಿ ಅದನ್ನು ನೋಡಿ, "ಹಾಕಿಕೊಳ್ಳಲೇ ಇಲ್ಲವೇ ಸರ್?" ಎಂದರು. ಪುಸ್ತಿಕೆ ಅದರ ಮಡಿಕೆಯೊಳಗೇ ಇತ್ತು.